ಮೀಟರ್ ಹೇಳದ ತಾಸಿನ ಲೆಕ್ಕ

ಗೋಕಾಕದಲ್ಲಿ ಎರಡು ಡಿಸೈರ್ ಮಾರಾಟಕ್ಕಿವೆ ಎಂದಿಟ್ಟುಕೊಳ್ಳಿ. ಎರಡೂ 2016ರ ಡೀಸೆಲ್ ಗಾಡಿ, ಎರಡೂ ಕೆಎ-49 ಪಾಸಿಂಗ್, ಎರಡೂ ಬಿಳಿ. ಒಂದರ ಮೀಟರಿನಲ್ಲಿ 1,80,000 ಕಿಲೋಮೀಟರ್, ಇನ್ನೊಂದರಲ್ಲಿ 60,000. ನೋಡಲು ಬಂದವರಲ್ಲಿ ಹೆಚ್ಚಿನವರು ಮೊದಲನೆಯದರ ಬಾಗಿಲನ್ನೂ ತೆಗೆಯದೆ ಎರಡನೆಯದರ ಕಡೆ ನಡೆಯುತ್ತಾರೆ. “ಎರಡ್ ಲಕ್ಷದ ಹತ್ರ ಓಡೇತ್ರೀ, ಇನ್ನ ಅದರಾಗ ಏನ್ ಉಳದಿರ್ತೈತಿ?” ಎನ್ನುವ ಮಾತಿಗೆ ಅಲ್ಲಿ ಯಾರೂ ಎದುರಾಡುವುದಿಲ್ಲ.

ಎದುರಾಡಬೇಕು. ಮೊದಲ ಗಾಡಿಯ ಯಜಮಾನರದು ಗೋಕಾಕದಲ್ಲಿ ಮನೆ, ಬೆಳಗಾವಿಯಲ್ಲಿ ನೌಕರಿ. ಹೋಗಲು ಅರವತ್ತು ಚಿಲ್ಲರೆ ಕಿಲೋಮೀಟರ್, ಬರಲು ಅಷ್ಟೇ. ವರ್ಷಕ್ಕೆ ಮುನ್ನೂರು ದಿನ ಹಿಡಿದರೂ ಐದು ವರ್ಷದಲ್ಲಿ ಮೀಟರು ಒಂದು ಲಕ್ಷ ಎಂಬತ್ತು ಸಾವಿರ ಮುಟ್ಟುತ್ತದೆ. ಎರಡನೆಯದು ಮೂಡಲಗಿ ಕಡೆಯ ತೋಟದ ಮನೆಯ ಗಾಡಿ. ಬೆಳಿಗ್ಗೆ ಡೇರಿಗೆ ಹಾಲು, ಆಮೇಲೆ ಮಕ್ಕಳ ಶಾಲೆ, ಮಧ್ಯಾಹ್ನ ಗೊಬ್ಬರದ ಅಂಗಡಿ, ಸಂಜೆ ಕಾಲುವೆ ದಂಡೆ ಹಿಡಿದು ಹೊಲಕ್ಕೆ. ಒಂದು ಸಲಕ್ಕೆ ಮೂರೋ ನಾಲ್ಕೋ ಕಿಲೋಮೀಟರ್, ಅದೂ ಎರೆಮಣ್ಣಿನ ಹಾದಿಯಲ್ಲಿ ಒಂದನೇ ಎರಡನೇ ಗೇರಿನಲ್ಲಿ.

ಈಗ ಲೆಕ್ಕ ಹಾಕಿ. ಮೊದಲನೆಯದು ಸರಾಸರಿ ತಾಸಿಗೆ 50 ಕಿಲೋಮೀಟರ್ ಓಡಿದ್ದರೆ ಅದರ ಇಂಜಿನ್ ತಿರುಗಿದ್ದು 3,600 ತಾಸು. ಎರಡನೆಯದು ತಾಸಿಗೆ 15 ಕಿಲೋಮೀಟರಿನಂತೆ ತೆವಳಿದ್ದರೆ 4,000 ತಾಸು. ಮೂರನೇ ಒಂದು ಪಾಲು ಓಡಿದ ಗಾಡಿಯ ಇಂಜಿನ್ನೇ ಹೆಚ್ಚು ದುಡಿದಿದೆ!

ಈ ಲೆಕ್ಕ ನಮ್ಮ ಕಡೆಯ ರೈತರಿಗೆ ಹೊಸದಲ್ಲ. ಹಳೇ ಟ್ರ್ಯಾಕ್ಟರ್ ಕೊಳ್ಳಲು ಹೋದವರು ಕಿಲೋಮೀಟರ್ ಕೇಳುವುದೇ ಇಲ್ಲ, “ಎಷ್ಟ್ ತಾಸ್ ಆಗೇತಿ?” ಎಂದು ಕೇಳುತ್ತಾರೆ. ಟ್ರ್ಯಾಕ್ಟರಿನ ಮೀಟರೇ ತಾಸಿನದು. ಅದನ್ನು ನೋಡಿ, ರೂಟಾವೇಟರ್ ಹೊಡೆದದ್ದೋ ಕಾರ್ಖಾನೆಗೆ ಎರಡು ಟ್ರೇಲರ್ ಕಬ್ಬು ಎಳೆದದ್ದೋ ಎಂದು ವಿಚಾರಿಸಿ, ಆಮೇಲೆ ಬೆಲೆ ಆಡುತ್ತಾರೆ. ಅದೇ ಮನುಷ್ಯ ಕಾರು ನೋಡಲು ಹೋದಾಗ ಮಾತ್ರ ಈ ಬುದ್ಧಿಯನ್ನು ಮನೆಯಲ್ಲಿ ಬಿಟ್ಟು, ಗಾಜಿನ ಹಿಂದೆ ಹೊಳೆಯುವ ಆರು ಅಂಕಿಗೆ ಶರಣಾಗುತ್ತಾನೆ. ಕಾರಿನಲ್ಲಿ ತಾಸಿನ ಮೀಟರ್ ಕಾಣುವುದಿಲ್ಲ ನಿಜ. ಆದರೆ ಗಾಡಿ ಯಾವ ಹಾದಿಯಲ್ಲಿ, ಯಾರ ಕೈಯಲ್ಲಿ, ದಿನಕ್ಕೆ ಎಷ್ಟು ಸಲ ಚಾಲೂ ಆಗಿ ಬಂದ್ ಆಗಿದೆ ಎಂದು ಗೊತ್ತಾದರೆ ತಾಸು ತಾನಾಗಿಯೇ ಸಿಗುತ್ತದೆ.

ಇಂಜಿನ್ನಿನ ಸವೆತದಲ್ಲಿ ದೊಡ್ಡ ಪಾಲು ತಣ್ಣಗಿದ್ದಾಗ ಚಾಲೂ ಮಾಡಿದ ಮೊದಲ ಕೆಲವು ನಿಮಿಷಗಳದು. ಆಗ ಆಯಿಲ್ ದಪ್ಪಗಿರುತ್ತದೆ, ಮೇಲಿನ ಭಾಗಗಳಿಗೆ ಏರಿರುವುದಿಲ್ಲ. ಬೆಳಗಾವಿಗೆ ಹೋಗುವ ಗಾಡಿ ದಿನಕ್ಕೆ ಎರಡು ಸಲ ತಣ್ಣಗೆ ಎದ್ದು, ಹತ್ತು ನಿಮಿಷದಲ್ಲಿ ಕಾದು, ಆಮೇಲೆ ಒಂದೇ ಸಮನೆ ಓಡುತ್ತದೆ. ಡೇರಿಗೆ ಹೋಗುವ ಗಾಡಿ ದಿನಕ್ಕೆ ಎಂಟು ಸಲ ಎದ್ದು, ಒಮ್ಮೆಯೂ ಪೂರ್ತಿ ಕಾಯುವುದಿಲ್ಲ. ಆಯಿಲಿನೊಳಗೆ ಸೇರಿದ ನೀರಿನ ಪಸೆ ಆವಿಯಾಗಿ ಹೋಗಲು ಅದಕ್ಕೆ ಪುರಸೊತ್ತೇ ಸಿಗುವುದಿಲ್ಲ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿದಾಗ ಒಳಗಡೆ ಕೆನೆಯಂಥ ಬಿಳಿ ಪದರ ಕಂಡರೆ ಅದು ಈ ಬಾಳಿನ ಗುರುತು ಇರಬಹುದು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಬೆರೆತದ್ದಿರಬಹುದು. ಎರಡೂ ಬೆಲೆ ಇಳಿಸುವ ಮಾತೇ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಈ ವಿಷಯ ಇನ್ನೂ ಬಿಗಿ. ಅವುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇದೆ. ಹೆದ್ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ಓಟ ಓಡಿದಾಗ ಮಸಿ ತಾನಾಗಿ ಸುಟ್ಟು ಜಾಲರಿ ಸ್ವಚ್ಛವಾಗುತ್ತದೆ. ಊರೊಳಗೇ ಸುತ್ತಿದ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ದೀಪ ಹತ್ತುತ್ತದೆ, ಎಳೆತ ಸಾಯುತ್ತದೆ. ಬದಲಿಸುವ ಖರ್ಚು ಸಣ್ಣದಲ್ಲ. ಆದ್ದರಿಂದ “ಐದು ವರ್ಷದ ಡೀಸೆಲ್ ಗಾಡಿ, ಬರೇ ಮೂವತ್ತು ಸಾವಿರ ಓಡೇತಿ, ಮನ್ಯಾಗ ನಿಂತದ್ದ ಹೆಚ್ಚು” ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನಾನು ಹೊಗೆ ಕೊಳವೆಯ ಕಡೆ ನೋಡುತ್ತೇನೆ.

ಹೀಗೆಂದ ಮಾತ್ರಕ್ಕೆ ಹೆಚ್ಚು ಓಡಿದ್ದೆಲ್ಲ ಒಳ್ಳೆಯದಲ್ಲ. ಇಂಜಿನ್ ಉಳಿದರೂ ಕಿಲೋಮೀಟರಿನ ಲೆಕ್ಕದಲ್ಲೇ ಸವೆಯುವ ಭಾಗಗಳು ಬಹಳ ಇವೆ: ಚಕ್ರದ ಬೇರಿಂಗ್, ಲೋವರ್ ಆರ್ಮಿನ ಬುಷ್, ಶಾಕಪ್, ಡ್ರೈವ್ ಶಾಫ್ಟ್. ಹಿಂದೆ ಸ್ವಿಫ್ಟ್, ಡಿಸೈರ್, ರಿಟ್ಜ್, ಎರ್ಟಿಗಾದಿಂದ ಟಾಟಾದ ಇಂಡಿಕಾ ವಿಸ್ಟಾದವರೆಗೆ ಹತ್ತಾರು ಗಾಡಿಗಳಲ್ಲಿ ಕೂತಿದ್ದು ಫಿಯಟ್ ಮೂಲದ ಅದೇ 1,248 ಸಿಸಿ ಡೀಸೆಲ್ ಇಂಜಿನ್. 2020ರಲ್ಲಿ ಮಾರುತಿ ಡೀಸೆಲನ್ನೇ ಕೈಬಿಟ್ಟಿತು, ಆದರೆ ಇಷ್ಟು ಗಾಡಿಗಳಿಗೆ ಇದೇ ಇಂಜಿನ್ ಇದ್ದುದರಿಂದ ಬಿಡಿಭಾಗಕ್ಕೂ ಕೈಗೂ ಬರ ಬಂದಿಲ್ಲ. ಅದರಲ್ಲಿರುವುದು ಟೈಮಿಂಗ್ ಚೈನ್. ಮುಂಜಾನೆ ತಣ್ಣಗೆ ಚಾಲೂ ಮಾಡಿದ ಕೂಡಲೇ ಮುಂಭಾಗದಿಂದ ಕಿಣಿಕಿಣಿ ಸದ್ದು ಬಂದರೆ ಚೈನ್ ಸಡಿಲಾಗಿದೆ ಎಂದು ತಿಳಿಯಬೇಕು. ಇದಕ್ಕಾಗಿಯೇ ಗಾಡಿ ನೋಡಲು ಹೋಗುವ ಮೊದಲು ಫೋನ್ ಮಾಡಿ “ಚಾಲೂ ಮಾಡಬ್ಯಾಡ್ರಿ, ನಾ ಬಂದ್ ಮ್ಯಾಲ ಮಾಡೂಣು” ಎಂದು ಹೇಳಿಡುವುದು. ಹೋಗುವಷ್ಟರಲ್ಲಿ ಬೋನೆಟ್ ಬೆಚ್ಚಗಿದ್ದರೆ ಏಕೆಂದು ಕೇಳಿ.

2005ರಿಂದ ಬಂದ ಹಳೇ ಇನ್ನೋವಾದ ಎರಡೂವರೆ ಲೀಟರ್ ಡೀಸೆಲ್ ಇಂಜಿನ್ನಿನಲ್ಲಿ ಇರುವುದು ಬೆಲ್ಟ್. ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಅದನ್ನು ಬದಲಿಸಲೇಬೇಕು. ಓಡುವಾಗ ಹರಿದರೆ ವಾಲ್ವು ಪಿಸ್ಟನ್ನುಗಳು ಬಡಿದುಕೊಂಡು ಇಂಜಿನ್ ಕೆಲಸ ಬರುತ್ತದೆ. ಬಿಡದಿಯಲ್ಲಿ ತಯಾರಾದ ಈ ಇನ್ನೋವಾ ಮೂರು ನಾಲ್ಕು ಲಕ್ಷ ಓಡಿಯೂ ದುಡಿಯುತ್ತಿರುವುದನ್ನು ನಮ್ಮ ಹೆದ್ದಾರಿಯಲ್ಲಿ ದಿನವೂ ಕಾಣಬಹುದು. ಅದೇ ಕಾರಣಕ್ಕೆ ಅದರ ಬೆಲೆ ಇಳಿಯುವುದೂ ಇಲ್ಲ. ಎರಡು ಲಕ್ಷ ಓಡಿದ ಇನ್ನೋವಾಕ್ಕೆ ಕೊಡುವ ದುಡ್ಡಿನಲ್ಲಿ ಅರ್ಧ ಅದರ ಹೆಸರಿಗೆ ಕೊಟ್ಟದ್ದು ಎಂಬುದು ನನ್ನ ಅನುಮಾನ. ಬೊಲೆರೊ ಕಥೆ ಬೇರೆ. ಅದನ್ನು ಕೊಳ್ಳುವವನು ಇಂಜಿನ್ನಿಗಿಂತ ಮೊದಲು ಅಡಿಗೆ ಮಲಗಿ ಚಾಸಿ ನೋಡಬೇಕು, ತುಕ್ಕೋ ವೆಲ್ಡಿಂಗ್ ಹೊಲಿಗೆಯೋ ಕಂಡರೆ ಎದ್ದು ಬರಬೇಕು.

ಇಷ್ಟೆಲ್ಲ ಲೆಕ್ಕಕ್ಕೆ ಆಧಾರ ಮೀಟರಿನ ಅಂಕಿ. ಆ ಅಂಕಿಯೇ ಸುಳ್ಳಾಗಿದ್ದರೆ?

ಮೊದಲು ಮೀಟರ್ ಕೇಬಲ್ಲಿನದಾಗಿತ್ತು, ಕೇಬಲ್ ಬಿಚ್ಚಿ ಓಡಿಸುತ್ತಿದ್ದರು, ಇಲ್ಲವೇ ಹಿಂದಕ್ಕೆ ತಿರುಗಿಸುತ್ತಿದ್ದರು. ಈಗ ಅಂಕಿ ಒಂದು ಚಿಪ್ಪಿನಲ್ಲಿ ಕೂತಿದೆ, ಲ್ಯಾಪ್‌ಟಾಪ್ ಹಚ್ಚಿದರೆ ಅರ್ಧ ತಾಸಿನಲ್ಲಿ ಒಂದು ಲಕ್ಷ ಕರಗುತ್ತದೆ. ಅಮೆರಿಕದಲ್ಲಿ ಮೀಟರ್ ತಿರುಗಿಸುವುದನ್ನು ನಿಷೇಧಿಸಿ 1972ರಲ್ಲೇ ಕಾಯ್ದೆ ಬಂತು. ಬೆಲ್ಜಿಯಂನಲ್ಲಿ 2006ರ ಡಿಸೆಂಬರಿನಿಂದ ‘ಕಾರ್ ಪಾಸ್’ ಎಂಬ ಕಾಗದವಿಲ್ಲದೆ ಹಳೇ ಕಾರು ಮಾರುವಂತಿಲ್ಲ. ಗ್ಯಾರೇಜಿಗೆ ಹೋದಾಗಲೆಲ್ಲ ಬರೆದಿಟ್ಟ ಮೀಟರ್ ಅಂಕಿ ತಾರೀಖು ಸಮೇತ ಅದರಲ್ಲಿರುತ್ತದೆ. ನಮ್ಮಲ್ಲಿ ಮೀಟರಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ, ವಂಚನೆ ಎಂದೇ ದೂರು ಕೊಡಬೇಕು. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅದಕ್ಕೆ ಅನ್ವಯಿಸುತ್ತದೆ. ವ್ಯಾಪಾರಿಯಿಂದ ಕೊಂಡಿದ್ದರೆ ಗ್ರಾಹಕರ ಆಯೋಗದ ಬಾಗಿಲು ಇದೆ, ಪರಿಚಯದ ಖಾಸಗಿ ವ್ಯಕ್ತಿಯಿಂದ ಕೊಂಡಿದ್ದರೆ ಅದೂ ಇಲ್ಲ. ಖಾಸಗಿ ಕಾರು ಹದಿನೈದು ವರ್ಷ ತುಂಬುವವರೆಗೆ ಆರ್‌ಟಿಒ ಮುಂದೆ ತಪಾಸಣೆಗೆ ನಿಲ್ಲಬೇಕಿಲ್ಲವಾದ್ದರಿಂದ ಸರ್ಕಾರದ ಹತ್ತಿರವೂ ಅದರ ಓಟದ ದಾಖಲೆಯಿಲ್ಲ.

ಹಾಗಾದರೆ ಸುಳ್ಳು ಹಿಡಿಯುವುದು ಹೇಗೆ? ಟೈರಿನಿಂದ ಆರಂಭಿಸಿ. ಟೈರಿನ ಬದಿಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರ ತಯಾರಾದದ್ದು. ಒಂದು ಜೊತೆ ಟೈರ್ ಸಾಮಾನ್ಯವಾಗಿ ನಲವತ್ತು ಐವತ್ತು ಸಾವಿರ ಕಿಲೋಮೀಟರ್ ಬಾಳುತ್ತದೆ. 2016ರ ಗಾಡಿ, ಮೀಟರಿನಲ್ಲಿ 38,000, ಟೈರ್ ನಾಲ್ಕೂ 2019ರವು ಎಂದರೆ ಮೊದಲ ಟೈರುಗಳು ಎಲ್ಲಿ ಹೋದವು ಎಂದು ಕೇಳುವ ಹಕ್ಕು ನಿಮಗಿದೆ. ಆಮೇಲೆ ಬ್ರೇಕ್ ಪೆಡಲಿನ ರಬ್ಬರ್, ಚಾಲಕನ ಸೀಟಿನ ಬಲ ಅಂಚು, ಸ್ಟೇರಿಂಗಿನ ನಯ, ಗೇರ್ ಗುಂಡಿಯ ಅಂಕಿ. ಇವನ್ನೂ ಬದಲಿಸುತ್ತಾರೆ. ಆದರೆ ಎಲ್ಲವನ್ನೂ ಒಟ್ಟಿಗೆ ಹೊಸದು ಮಾಡಿದ ಗಾಡಿ ತಾನೇ ತನ್ನ ಮೇಲೆ ಚಾಡಿ ಹೇಳುತ್ತದೆ. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ನಂಬರ್ ಕೊಟ್ಟರೆ ಯಾವ ತಾರೀಖಿಗೆ ಎಷ್ಟು ಕಿಲೋಮೀಟರಿಗೆ ಗಾಡಿ ಬಂದಿತ್ತೆಂಬ ಚರಿತ್ರೆ ಸಿಗುತ್ತದೆ. ಮಾಲೀಕರು ಜೊತೆಗೆ ಬರಲು ಒಪ್ಪಿದರೆ ಆ ಒಪ್ಪಿಗೆಯೇ ಅರ್ಧ ಸರ್ಟಿಫಿಕೇಟು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಒಂದು ಲೇಖನದ ವಿಷಯವೇ ಹಳೇ ಕಾರಿನ ಪೇಟೆ. ಗಾಡಿಯ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಗೂ ಅನುಮಾನದ ಬೆಲೆ ಕೊಡುತ್ತಾನೆ, ಆ ಬೆಲೆಗೆ ಒಳ್ಳೆಯ ಗಾಡಿ ಇರುವವನು ಮಾರಲು ಒಪ್ಪುವುದಿಲ್ಲ, ಕಡೆಗೆ ಪೇಟೆಯಲ್ಲಿ ಉಳಿಯುವುದು ಕೆಟ್ಟವೇ ಎಂದು ಅವರು ವಾದಿಸಿದರು. 2001ರಲ್ಲಿ ಇಬ್ಬರು ಸಹವಿದ್ವಾಂಸರೊಂದಿಗೆ ನೊಬೆಲ್ ಕೂಡ ಬಂತು. ಅವರ ಮಾತು ಬೆಂಗಳೂರಿಗೆ ಸರಿ. ಹುಕ್ಕೇರಿಯಂಥ ಊರಿಗೆ ಅಷ್ಟು ಸರಿಯಾಗದು. ಇಲ್ಲಿ ಗಾಡಿಗೆ ಸಾಕ್ಷಿಗಳಿದ್ದಾರೆ. ಡಾಕ್ಟರ ಗಾಡಿ ಯಾರ ಗ್ಯಾರೇಜಿಗೆ ಹೋಗುತ್ತಿತ್ತು, ಹೋದ ದೀಪಾವಳಿಗೆ ಸಂಕೇಶ್ವರದ ಹತ್ತಿರ ಹಿಂದಿನಿಂದ ಗುದ್ದಿಸಿಕೊಂಡಿತ್ತೋ ಇಲ್ಲವೋ, ಮಗ ಕಾಲೇಜಿಗೆ ಒಯ್ದು ಹೇಗೆ ಓಡಿಸುತ್ತಿದ್ದ, ಎಲ್ಲವೂ ಚಹಾದಂಗಡಿಗೆ ಗೊತ್ತು. ಗ್ಯಾರೇಜಿನ ಮಿಸ್ತ್ರಿಯನ್ನು “ಅಣ್ಣಾ, ಆ ಗಾಡಿ ಹ್ಯಾಂಗೈತಿ?” ಎಂದು ಕೇಳಿದರೆ ಆತ ಬಾಯಿಬಿಟ್ಟು ಕೆಟ್ಟದ್ದೆನ್ನುವುದಿಲ್ಲ, ನಾಳೆ ಮಾಲೀಕನ ಮುಖ ನೋಡಬೇಕಲ್ಲ. “ನೋಡ್ರೀ, ನಿಮ್ಮ ಇಚ್ಛಾ” ಎಂದರೆ ಬೇಡ ಎಂದರ್ಥ. “ಬಾಳ ದಿನದಿಂದ ನಮ್ಮ ಕೈಯಾಗಿಂದ ಐತ್ರೀ” ಎಂದರೆ ಮುಂದಿನ ಮಾತಿಗೆ ಹೋಗಬಹುದು.

ಹಾಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ, ನಮ್ಮ ಈ ಮೂರು ತಾಲೂಕಿನ ಮಟ್ಟಿಗೆ ನಾನು ಹೇಳುವುದು ಇಷ್ಟು: ಗೊತ್ತಿರುವ ಊರಿನ ಗಾಡಿ ಎರಡು ಲಕ್ಷ ಓಡಿದ್ದರೂ ನೋಡಿ, ಗೊತ್ತಿಲ್ಲದ ಊರಿನದು ನಲವತ್ತು ಸಾವಿರ ಓಡಿದ್ದರೂ ಅನುಮಾನಿಸಿ. ಅಪಾಯ ಶುರುವಾಗುವುದು ಸಾಕ್ಷಿ ಇಲ್ಲದ ಗಾಡಿ ಬಂದಾಗ. ಮತ್ತು ನಮಗೆ ಗಡಿ ಬಹಳ ಹತ್ತಿರ. ಹುಕ್ಕೇರಿ ತಾಲೂಕನ್ನು ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹತ್ತರಗಿ, ಯಮಕನಮರಡಿ, ಸಂಕೇಶ್ವರ, ನಿಪ್ಪಾಣಿ ದಾಟಿದರೆ ಮುಂದೆ ಕೊಲ್ಹಾಪುರ. ಎಂಎಚ್-09 ಗಾಡಿಯೇನೋ ಬೀಗರ ಊರಿನದು ಎನ್ನೋಣ, ಪುಣೆಯ ಎಂಎಚ್-12, ದಿಲ್ಲಿಯ ಡಿಎಲ್ ಗಾಡಿಗಳೂ ಇದೇ ಹಾದಿಯಲ್ಲಿ ಇಳಿಯುತ್ತವೆ. ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ತುಂಬಿದ ಡೀಸೆಲ್, ಹದಿನೈದು ತುಂಬಿದ ಪೆಟ್ರೋಲ್ ಗಾಡಿಗಳ ಓಡಾಟಕ್ಕೆ 2015ರಲ್ಲಿ ಹಸಿರು ನ್ಯಾಯಮಂಡಳಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಅಲ್ಲಿ ಬೇಡವಾದ ದೊಡ್ಡ ಡೀಸೆಲ್ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬಂದವು. ಅಗ್ಗವೇನೋ ಹೌದು. ಆದರೆ ಎನ್ಒಸಿ ತರಬೇಕು, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಕೆಎ ನಂಬರ್ ಮಾಡಿಸಲೇಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಕಟ್ಟಬೇಕು. ಹೊಸ ಕಾರಿಗೇ ಬೆಲೆ ನೋಡಿ ಶೇ 13ರಿಂದ 18ರವರೆಗೆ ತೆರಿಗೆ ಇರುವ ರಾಜ್ಯ ನಮ್ಮದು. ಈ ಖರ್ಚು ಸೇರಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಅದು ಅಗ್ಗ.

ಇನ್ನೊಂದು ಅಪಾಯವನ್ನು ನಮ್ಮ ಜನ ಕಣ್ಣಾರೆ ಕಂಡಿದ್ದಾರೆ. 2019ರ ಆಗಸ್ಟಿನಲ್ಲಿ ಹಿಡಕಲ್ ಜಲಾಶಯದಿಂದ ಬಿಟ್ಟ ನೀರು, ಮಾರ್ಕಂಡೇಯದ ನೀರು ಕೂಡಿ ಗೋಕಾಕದ ಓಣಿಗಳಿಗೆ ನುಗ್ಗಿತು. ಲೋಳಸೂರ ಸೇತುವೆ ಮುಳುಗಿ ಸಂಕೇಶ್ವರ–ಯರಗಟ್ಟಿ ರಸ್ತೆ ಬಂದ್ ಆಯಿತು. ಅದೇ ವಾರ ಕೊಲ್ಹಾಪುರ, ಸಾಂಗ್ಲಿಗಳೂ ಮುಳುಗಿದವು. 2021ರ ಜುಲೈ, 2024ರ ಜುಲೈಗಳಲ್ಲಿ ಮತ್ತೆ ನೆರೆ. ಮುಳುಗಿದ ಮನೆಗಳಿಗೆ ಪರಿಹಾರ ಬಂತು, ಸಮೀಕ್ಷೆ ನಡೆಯಿತು. ಮುಳುಗಿದ ಕಾರುಗಳು ಎಲ್ಲಿ ಹೋದವು? ದುರಸ್ತಿ ಖರ್ಚು ಗಾಡಿಯ ವಿಮಾ ಮೌಲ್ಯದ ಶೇ 75 ದಾಟಿದರೆ ವಿಮಾ ಕಂಪನಿ ‘ಟೋಟಲ್ ಲಾಸ್’ ಎಂದು ಹಣ ಕೊಡುತ್ತದೆ. ಗಾಡಿ ಹರಾಜಿಗೆ ಹೋಗುತ್ತದೆ, ಆರ್‌ಸಿ ರದ್ದಾಗದೆ ಉಳಿದಿದ್ದರೆ ಯಾರೋ ಕೊಂಡು, ತೊಳೆದು, ಸೀಟ್ ಕವರ್ ಹಾಕಿ, ಪಾಲಿಶ್ ಹೊಡೆದು ಮಾರುತ್ತಾರೆ. ವಿಮೆಯೇ ಇಲ್ಲದಿದ್ದ ಗಾಡಿಯನ್ನು ಮಾಲೀಕರೇ ಒಣಗಿಸಿ ದಾಟಿಸುತ್ತಾರೆ. ಕಾಗದದಲ್ಲಿ ಎಲ್ಲೂ ನೆರೆ ಎಂದು ಬರೆದಿರುವುದಿಲ್ಲ.

ನೀರು ಕುಡಿದ ಗಾಡಿ ಮೊದಲ ಆರು ತಿಂಗಳು ಚೆನ್ನಾಗಿಯೇ ಓಡಬಹುದು. ಆಮೇಲೆ ವೈರಿಂಗಿನ ಕನೆಕ್ಟರುಗಳು ಹಸಿರುಗಟ್ಟಿ ಒಂದೊಂದೇ ಕೈಕೊಡುತ್ತವೆ: ಇವತ್ತು ಪವರ್ ವಿಂಡೊ, ನಾಳೆ ಎಬಿಎಸ್ ದೀಪ, ನಾಡಿದ್ದು ಗಾಡಿ ಚಾಲೂನೇ ಆಗದು. ಏರ್‌ಬ್ಯಾಗ್ ಕೆಲಸ ಮಾಡುತ್ತದೋ ಇಲ್ಲವೋ ಗುದ್ದಿದಾಗಲೇ ತಿಳಿಯುವುದು. ಇಂಥ ಗಾಡಿಯನ್ನು ಯಾವ ಬೆಲೆಗೂ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ತೊಳೆಯುವವರು ಮೇಲಿನ ಭಾಗ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನಡಿಯ ಸ್ಪ್ರಿಂಗ್ ಮತ್ತು ಹಳಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಹೆಡ್‌ಲೈಟಿನೊಳಗಿನ ಮಸುಕು ನೋಡಿ. ಎಸಿ ಬಂದ್ ಮಾಡಿ ಗಾಜು ಏರಿಸಿ ಐದು ನಿಮಿಷ ಒಳಗೆ ಕೂರಿ. ಊದಿನಕಡ್ಡಿಯ ಅಥವಾ ಸೆಂಟಿನ ಘಮ ಬಹಳ ಜೋರಾಗಿದ್ದರೆ ದೇವರ ಭಕ್ತಿಯೊಂದೇ ಕಾರಣವಾಗಿರಲಾರದು.

ಕಾಗದದ ವಿಷಯಕ್ಕೆ ಬಂದರೆ ನಮ್ಮ ಕಡೆ ಒಂದು ಕೆಟ್ಟ ರೂಢಿಯಿದೆ. ಮಾರುವವನು ಖಾಲಿ 29, 30ನೇ ನಮೂನೆಗಳಿಗೆ ಸಹಿ ಹಾಕಿ ಕೊಟ್ಟುಬಿಡುತ್ತಾನೆ. ಕೊಂಡವನು ಹೆಸರು ಬದಲಿಸಿಕೊಳ್ಳುವುದಿಲ್ಲ, ಎರಡು ವರ್ಷ ಓಡಿಸಿ ಅದೇ ಸಹಿಯ ಮೇಲೆ ಇನ್ನೊಬ್ಬನಿಗೆ ಕೊಡುತ್ತಾನೆ. ಹೀಗೆ ನಾಲ್ಕು ಕೈ ದಾಟಿದ ಗಾಡಿಯೂ ಆರ್‌ಸಿಯಲ್ಲಿ ‘ಸಿಂಗಲ್ ಓನರ್’! ಜಾಹೀರಾತಿನಲ್ಲಿ ಆ ಎರಡು ಶಬ್ದ ಕಂಡು ಹಿಗ್ಗುವವರು ಆರ್‌ಸಿಯ ಹೆಸರಿನವರಿಗೇ ಒಮ್ಮೆ ಫೋನ್ ಮಾಡಬೇಕು. “ಆ ಗಾಡಿ ನಾ ಮಾರಿ ಆರ್ ವರ್ಷ ಆತಲ್ರೀ” ಎಂಬ ಉತ್ತರ ಬಂದರೆ ಮೀಟರ್, ಸರ್ವಿಸ್ ಪುಸ್ತಕ, ಮಾರುವವನ ಮಾತು ಮೂರನ್ನೂ ಮತ್ತೆ ಮೊದಲಿನಿಂದ ನೋಡಬೇಕಾಗುತ್ತದೆ.

ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗೇ ಮಾರಿದರೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ತಿಳಿಸದಿದ್ದರೆ ಏನಾಗುತ್ತದೆಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿಯೂ ಗಾಡಿ ಕೈಯಿಂದ ಕೈಗೆ ಹೋಗಿತ್ತು, ಅಪಘಾತವಾಯಿತು. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಆತನದೇ ಎಂದು ಕೋರ್ಟ್ ತೀರ್ಮಾನಿಸಿತು. ಮಾರಿದವನಿಗೆ ಇದು ಉರುಳು. ಕೊಂಡವನಿಗೂ ನೆಮ್ಮದಿಯಿಲ್ಲ: ವಿಮೆ ತನ್ನ ಹೆಸರಿಗೆ ವರ್ಗವಾಗದಿದ್ದರೆ ಸ್ವಂತ ಗಾಡಿಯ ನಷ್ಟಕ್ಕೆ ಪೈಸೆ ಬರುವುದಿಲ್ಲ. ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಹಾಕಬೇಕು. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ವ್ಯಾಪಾರಿಗಳೂ ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಗಾಡಿ ತಮ್ಮ ಕೈಗೆ ಬಂದದ್ದನ್ನು ಅವರು ದಾಖಲಿಸಬೇಕು, ಅಲ್ಲಿಂದ ಹೊಣೆ ಅವರದು, ಓಡಿಸಿದ ಕಿಲೋಮೀಟರಿನ ಪುಸ್ತಕವನ್ನೂ ಇಡಬೇಕು. ರಸ್ತೆ ಬದಿ ಹತ್ತು ಗಾಡಿ ನಿಲ್ಲಿಸಿದವರನ್ನು ಆ ಪತ್ರ ತೋರಿಸಿ ಎಂದು ಕೇಳುವುದು ಅವಮಾನವೇನಲ್ಲ.

ಸಾಲದ ಬೋಜಾ ಇದೆಯೋ ಎಂದು ವಾಹನ್ ತಾಣದಲ್ಲೋ ಎಂ-ಪರಿವಾಹನ್ ಆ್ಯಪಿನಲ್ಲೋ ನೋಡಬಹುದು. ಸೊಸೈಟಿ ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, 35ನೇ ನಮೂನೆ ಕೈಯಲ್ಲಿರಬೇಕು. ಹಳದಿ ಬೋರ್ಡಿನಿಂದ ಬಿಳಿಗೆ ಬಂದ ಗಾಡಿಯಾದರೆ ಅದೂ ದಾಖಲೆಯಲ್ಲಿ ಸಿಗುತ್ತದೆ. ಬಾಡಿಗೆಗೆ ಓಡಿದ್ದೆಂಬ ಒಂದೇ ಕಾರಣಕ್ಕೆ ಬಿಡಬೇಕಾಗಿಲ್ಲ, ಬಾಡಿಗೆ ಗಾಡಿಯ ಬೆಲೆ ಕೊಟ್ಟರೆ ಸಾಕು.

ಇಂಜಿನ್ ಪರೀಕ್ಷೆ ಮಿಸ್ತ್ರಿಗೆ ಬಿಡಿ. ಹೆಚ್ಚು ಓಡಿದ ಡೀಸೆಲ್ ಗಾಡಿಯಲ್ಲಿ ಆತ ಮೊದಲು ನೋಡುವುದು ಬ್ಯಾಕ್ ಕಂಪ್ರೆಷನ್. ಇಂಜಿನ್ ಓಡುತ್ತಿರುವಾಗ ಡಿಪ್ ಸ್ಟಿಕ್ ಎಳೆದೋ ಆಯಿಲ್ ಮುಚ್ಚಳ ತೆಗೆದೋ ಹೊಗೆ ಪುಸುಗುಡುತ್ತದೆಯೇ ಎಂದು ನೋಡುತ್ತಾನೆ. ಪುಸುಗುಟ್ಟಿದರೆ ರಿಂಗ್ ಸವೆದಿವೆ, ಬೋರಿಂಗ್ ಕೆಲಸ ದೂರವಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ, ಇಲ್ಲವೇ ಇಂಜೆಕ್ಟರ್ ಕೆಟ್ಟಿದೆ. ಆಮೇಲೆ ಮೂರನೇ ಗೇರಿನಲ್ಲಿ ಏರು ಹತ್ತಿಸಿ ಕ್ಲಚ್ ಜಾರುತ್ತದೆಯೇ ನೋಡುವುದು. ಗೋಕಾಕ ಫಾಲ್ಸ್ ರಸ್ತೆಯ ಏರು ಅದಕ್ಕೆ ಹೇಳಿ ಮಾಡಿಸಿದ್ದು. ಒಂದು ವಿಚಿತ್ರ ನೋಡಿ: ಮಧ್ಯಸ್ಥಿಕೆ ಮಾಡಿದ ಏಜೆಂಟನಿಗೆ ಸಾವಿರಾರು ರೂಪಾಯಿ ಕಮಿಷನ್ ಎಣಿಸುವವರು ಅರ್ಧ ದಿನ ಗ್ಯಾರೇಜ್ ಮುಚ್ಚಿ ಬಂದ ಮಿಸ್ತ್ರಿಗೆ ಒಂದು ಚಹಾ ಕುಡಿಸಿ ಕಳಿಸುತ್ತಾರೆ. ಆತನ ದಿನಗೂಲಿ ಕೊಡಿ. ಈ ಇಡೀ ವ್ಯವಹಾರದಲ್ಲಿ ನಿಮ್ಮ ಪರವಾಗಿ ನಿಂತವನು ಆತನೊಬ್ಬನೇ.

ಹಳೇ ಪೆಟ್ರೋಲ್ ಗಾಡಿ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥನಾಲ್. 2023ರ ಏಪ್ರಿಲ್‌ಗೆ ಮುಂಚಿನ ಹೆಚ್ಚಿನ ಗಾಡಿಗಳು ಅದಕ್ಕೆಂದು ತಯಾರಾದವಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೇ ರಬ್ಬರ್ ಪೈಪು, ಸೀಲುಗಳನ್ನು ಬೇಗ ಬದಲಿಸಬೇಕಾಗಬಹುದು. ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತ ಬೆಳೆಯುವ ಕಬ್ಬಿಗೆ ಎಥನಾಲ್ ಒಂದು ಆಸರೆ, ಆ ಕಬ್ಬಿನ ಬಿಲ್ಲಿನಿಂದಲೇ ಬಹಳ ಮಂದಿ ಇಲ್ಲಿ ಕಾರು ಕೊಳ್ಳುವುದು. ಹಾಗಾಗಿ ಈ ಬಗ್ಗೆ ದೂರುವ ಬಾಯಿ ನಮಗಿಲ್ಲ. ಸುಮ್ಮನೆ ಪೈಪ್ ಬದಲಿಸೋಣ.

ಅಂದಹಾಗೆ, ಬಿಲ್ಲು ಕೈಗೆ ಬಂದ ವಾರ ಗಾಡಿ ಕೊಳ್ಳಲು ಹೋಗುವುದು ತಪ್ಪು. ಆಗ ಎಲ್ಲರ ಕೈಯಲ್ಲೂ ದುಡ್ಡು, ಮಾರುವವನು ಬೆಲೆ ಹಿಡಿದು ಕೂರುತ್ತಾನೆ. ಆಷಾಢದಲ್ಲಿ ಹೋಗಿ. ಗಿರಾಕಿ ಕಡಿಮೆ, ಮೇಲಾಗಿ ಮಳೆ. ಸೋರುವ ಬಾಗಿಲು, ಒರೆಸದ ವೈಪರ್ ಎಲ್ಲ ತಾವಾಗಿಯೇ ಬಯಲಾಗುತ್ತವೆ.

ಕೊನೆಗೆ ಬೆಲೆ. ನಮ್ಮ 1,80,000 ಓಡಿದ ಡಿಸೈರಿಗೆ ಮಾಲೀಕರು ಮೂರೂವರೆ ಲಕ್ಷ ಕೇಳುತ್ತಾರೆ ಎನ್ನಿ. ಕೇಳಿದ ಬೆಲೆಯ ಐದನೇ ಒಂದು ಪಾಲು, ಎಂದರೆ ಎಪ್ಪತ್ತು ಸಾವಿರ, ಮೊದಲ ವರ್ಷದ ದುರಸ್ತಿಗೆಂದು ಎತ್ತಿಡುವುದು ನನ್ನ ಲೆಕ್ಕ: ಟೈರ್, ಕ್ಲಚ್, ಸಸ್ಪೆನ್ಷನ್, ಚೈನ್ ಕಿಟ್, ಆಯಿಲ್ ಮತ್ತು ಫಿಲ್ಟರುಗಳು. ಇವುಗಳಲ್ಲಿ ಯಾವುದಕ್ಕೆ ಬಿಲ್ಲು ತೋರಿಸುತ್ತಾರೋ ಅಷ್ಟು ಕಡಿಮೆ ಮಾಡಿ. ನೋಂದಣಿ 2031ರವರೆಗೆ ಇದೆ, ಎಂದರೆ ಉಳಿದ ಬಾಳು ಇಂತಿಷ್ಟೇ ಎಂದು ಎಣಿಸಬಹುದು. ಹದಿನೈದು ತುಂಬಿದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಮೊದಲು 600 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಇಪ್ಪತ್ತು ದಾಟಿದವಕ್ಕೆ 2025ರ ಆಗಸ್ಟಿನಲ್ಲಿ 10,000 ಮಾಡಿದ್ದಾರೆ. ಒಳ್ಳೆಯ ಸುದ್ದಿಯೂ ಒಂದಿದೆ. ಎರಡು ಲಕ್ಷ ಓಡಿದ ಗಾಡಿ ಇಳಿಯುವಷ್ಟು ಇಳಿದಾಗಿದೆ, ನೀವು ಮೂರು ವರ್ಷ ಬಿಟ್ಟು ಮಾರಿದರೆ ಕಳೆದುಕೊಳ್ಳುವ ರೂಪಾಯಿ ಹೊಸ ಗಾಡಿಯವನದಕ್ಕಿಂತ ಬಹಳ ಕಡಿಮೆ. ದಿನವೂ ಓಡಿಸುವವನಿಗೆ, ಕೈಗೆಟಕುವ ದೂರದಲ್ಲಿ ನಂಬುವ ಮಿಸ್ತ್ರಿ ಇರುವವನಿಗೆ ಇದು ನಷ್ಟದ ವ್ಯವಹಾರವಲ್ಲ. ತಿಂಗಳಿಗೆರಡು ಸಲ ಮದುವೆ, ಜಾತ್ರೆಗೆ ತೆಗೆಯುವವನಿಗೆ ಡೀಸೆಲ್ಲೇ ಬೇಡ.

ಆದರೆ ಮಾರುವವರ ಕೈಯಲ್ಲಿದ್ದ ತಕ್ಕಡಿ 2025ರ ಸೆಪ್ಟೆಂಬರ್ 22ರಂದು ಸ್ವಲ್ಪ ವಾಲಿತು. ಸಣ್ಣ ಕಾರುಗಳ ಜಿಎಸ್‌ಟಿ ಶೇ 28 ಮತ್ತು ಸೆಸ್ಸಿನಿಂದ ಶೇ 18ಕ್ಕೆ ಇಳಿದು, ಹೊಸ ಆಲ್ಟೊ ಕೆ10ರ ಶೋರೂಮ್ ಬೆಲೆ 3.70 ಲಕ್ಷದಿಂದ ಶುರುವಾಗುವ ಹಾಗಾಯಿತು. ತೆರಿಗೆ, ವಿಮೆ ಸೇರಿ ರಸ್ತೆಗಿಳಿಯುವಾಗ ಇನ್ನೂ ಏರುತ್ತದೆ, ಡಿಸೈರಿನ ಡಿಕ್ಕಿಯೂ ಎಳೆತವೂ ಅದಕ್ಕಿಲ್ಲ, ಇದು ಮಾರುವವರಿಗೂ ಗೊತ್ತು. ಆದರೂ ಮೂರೂವರೆ ಲಕ್ಷಕ್ಕಿಂತ ಒಂದು ರೂಪಾಯಿ ಇಳಿಯಲಾರೆ ಎನ್ನುವವರ ಮುಂದೆ ಆ ಬೆಲೆಪಟ್ಟಿಯನ್ನು ಇಟ್ಟು, “ಕಾಕಾ, ಈಗ ಹೇಳ್ರಿ” ಎಂದು ಸುಮ್ಮನೆ ಕೂರುವುದಕ್ಕೆ ಯಾವ ಅಡ್ಡಿಯೂ ಇಲ್ಲ.